ಅದೃಶ್ಯನಾದ ಕಳ್ಳ, ಅಲ್ಲಾಡಿದ ಗಿಡ

2025ರ ಸೆಪ್ಟೆಂಬರ್ 28, ಭಾನುವಾರ, ಮಧ್ಯಾಹ್ನ ಮೂರೂ ಹತ್ತು. ಮಲ್ಲಂದೂರಿನ ಹತ್ತಿರ ನಮ್ಮ ಎಸ್ಟೇಟಿನ ಖಾಲಿ ಗೋದಾಮಿನಲ್ಲಿ ಆಟ ಶುರುವಾಯಿತು. ಮೂವರು ಮೇಜಿನ ಸುತ್ತ ಕೂತು, ಕಥೆ ಹೇಳುತ್ತ, ದಾಳ ಹಾಕುತ್ತ ಆಡುವ ಆಟ ಅದು. ಕಥೆ ನಡೆಸಿ, ನಿಯಮದ ಪುಸ್ತಕ ನೋಡಿ ತೀರ್ಪು ಕೊಡುವವನು ನಾನು. ಆಟದಲ್ಲಿ ತೋಟದ ಮೇಸ್ತ್ರಿಯ ಮಗ ಯೋಧ. ಕೂಲಿಯವರ ಲೈನ್ ಮನೆಯ ನನ್ನ ಗೆಳೆಯ ಕಳ್ಳ. ಗೆಳೆಯನ ತಾಯಿ ಅದೇ ಮೇಸ್ತ್ರಿಯ ಕೈಕೆಳಗೆ ತೋಟದಲ್ಲಿ ಕೆಲಸ ಮಾಡುತ್ತಿದ್ದರು. ಅದು ನಮ್ಮ ಇಪ್ಪತ್ತಮೂರನೆಯ ಭಾನುವಾರ. ಅಷ್ಟೂ ವಾರ ಕಳ್ಳ ಬದುಕಿದ್ದ.

ಆ ದಿನ ಕಳ್ಳ ಮದ್ದು ಕುಡಿದು ಅದೃಶ್ಯನಾಗಿ ಕಾವಲುಗಾರರ ನಡುವೆ ನುಸುಳಿದ. ಒಬ್ಬ ಕಾವಲುಗಾರ ಅವನತ್ತ ಈಟಿ ಎಸೆದ ಎಂದೆ.

“ಏ ಮಾರಾಯ, ನಾನು ಕಾಣೋದೇ ಇಲ್ವಲ್ಲ! ಎಲ್ಲಿಗೆ ಅಂತ ಎಸೀತಾನೆ?” ಎಂದ ಗೆಳೆಯ.

“ಕಾಣಲ್ಲ, ಆದ್ರೆ ಕೇಳುತ್ತೆ. ಅದೃಶ್ಯ ಆಗೋದು ಬೇರೆ, ಅಡಗೋದು ಬೇರೆ. ಅಡಗೋದಕ್ಕೆ ನೀನು ದಾಳ ಹಾಕ್ಲಿಲ್ಲ.”

“ಹಂಗಾರೆ ನಾನು ಕುಡ್ದಿದ್ದು ಕಷಾಯನಾ?”

ವಾದ ಇಪ್ಪತ್ತೈದು ನಿಮಿಷ ನಡೆಯಿತು. ನನಗೆ ಗೆಲ್ಲಬೇಕಿತ್ತು. ಎರಡು ವಾರದ ಹಿಂದೆ ಗೆಳೆಯ ನನಗೊಬ್ಬನಿಗೇ ಒಂದು ಮಾತು ಹೇಳಿದ್ದ. ಕಾಫಿ ಗಿಡದ ಚಿಗುರು ತೆಗೆಯುವಾಗ ಅವನ ತಾಯಿಗೆ ಮಂಡಿ ಊದಿಕೊಳ್ಳುತ್ತದೆ. ಅವರು ಗಿಡದ ಮರೆಯಲ್ಲಿ ಸ್ವಲ್ಪ ಹೊತ್ತು ಕೂತರೆ, ಪಕ್ಕದ ಸಾಲಿನ ಹೆಂಗಸು ಕೈ ಚಾಚಿ ಅವರ ಗಿಡವನ್ನೂ ಅಲ್ಲಾಡಿಸುತ್ತಾರೆ. ದಾರಿಯ ಮೇಲೆ ನಿಂತ ಮೇಸ್ತ್ರಿಗೆ ಎರಡೂ ಸಾಲಿನ ಸದ್ದು ಕೇಳುತ್ತದೆ.

“ನಿಮ್ಮಮ್ಮ ಕೂತಾಗ ಪಕ್ಕದವ್ರು ಗಿಡ ಅಲ್ಲಾಡಿಸ್ತಾರಲ್ಲ, ಹಂಗೆ ನಿನ್ನ ಸದ್ದು ಮುಚ್ಚೋಕೆ ಇಲ್ಲಿ ಯಾರಿದ್ದಾರೆ?” ಎಂದುಬಿಟ್ಟೆ.

ಮೇಸ್ತ್ರಿಯ ಮಗ ಬಿದ್ದು ಬಿದ್ದು ನಕ್ಕ. “ಅಯ್ಯೋ, ನಮ್ಮಪ್ಪ ಅಷ್ಟು ಪೆದ್ದಾ!”

ಗೆಳೆಯ ನಗಲಿಲ್ಲ. ನಾನು ಕಾವಲುಗಾರನ ಪರವಾಗಿ ಇಪ್ಪತ್ತು ಮುಖದ ದಾಳ ಹಾಕಿದೆ. ಹದಿನೆಂಟು ಬಿತ್ತು, ಈಟಿ ನಾಟಿತು. ಕಳ್ಳ ಸತ್ತ. ಗೆಳೆಯ ಕಳ್ಳನ ವಿವರ ಬರೆದಿದ್ದ ಹಾಳೆಯನ್ನು ಮಡಚಿ ಪುಸ್ತಕದ ಕೆಳಗಿಟ್ಟು, ನಾಲ್ಕೂ ಐದಕ್ಕೆ ಹೊರಟುಹೋದ.

ಮೇಸ್ತ್ರಿಯ ಮಗ ಮನೆಯಲ್ಲಿ ಅದನ್ನು ತಮಾಷೆಯಾಗಿ ಹೇಳಿದನಂತೆ. ಮಂಗಳವಾರದಿಂದ ಮೇಸ್ತ್ರಿ ಸಾಲುಗಳ ಒಳಗೇ ಓಡಾಡತೊಡಗಿದರು. ಗುರುವಾರ ಆ ಇಬ್ಬರು ಹೆಂಗಸರನ್ನು ತೋಟದ ಎರಡು ತುದಿಗೆ ಹಾಕಿದರು. ಗೆಳೆಯನ ತಾಯಿ ಅಲ್ಲಿಂದ ಒಂಬತ್ತು ದಿನ ಕೂರದೆ ಕೆಲಸ ಮಾಡಿದರು. ಹತ್ತನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಗೆಳೆಯ ಆಟಕ್ಕೆ ಬರದೆ ಹನ್ನೊಂದು ಭಾನುವಾರ ಕಳೆದಿವೆ. ನಾನು ಅವನ ಮನೆಗೆ ಎರಡು ಸಲ ಹೋದೆ. ಮೊದಲ ಸಲ ಬೀಗ ಹಾಕಿತ್ತು. ಎರಡನೆಯ ಸಲ ತಾಯಿ ಬಾಗಿಲಿಗೆ ಬಂದು, “ಅವ್ನು ಮನೇಲಿಲ್ಲ ಕಣಪ್ಪ” ಎಂದರು. ಒಳಗೆ ಯಾರೋ ಕೆಮ್ಮಿದರು. ತಾಯಿ ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಟ್ಟರು. ನಾನು ವಾಪಸ್ ಬಂದೆ.

ನಿನ್ನೆ ನನ್ನ ಆಟದ ಟಿಪ್ಪಣಿಯಲ್ಲಿ ಆ ದಿನದ ಪುಟ ತೆಗೆದು ನೋಡಿದೆ. ಮೂರೂ ಇಪ್ಪತ್ತಕ್ಕೆ ನಾನೇ ಬರೆದುಕೊಂಡಿದ್ದೇನೆ: “ಯೋಧ ಬಾಗಿಲಿಗೆ ಗುರಾಣಿ ಬಡಿಯುತ್ತಿದ್ದಾನೆ.” ಅಂದರೆ ಕಳ್ಳ ನುಸುಳುವಾಗ ಅಲ್ಲಿ ದೊಡ್ಡ ಸದ್ದಿತ್ತು. ನಾನು ಮರೆತಿದ್ದೆ.

ಅದೃಶ್ಯನಾದವನ ಸದ್ದನ್ನು ಜೊತೆಗಾರ ಮುಚ್ಚಿದರೆ ಅವನು ಅಡಗಿದಂತೆಯೇ? ನಮ್ಮ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ. ತಿಳಿದವರು ದಯವಿಟ್ಟು ಬರೆದು ತಿಳಿಸಿ. ನನ್ನ ತೀರ್ಪು ತಪ್ಪಾಗಿದ್ದರೆ, ಕಳ್ಳನ ಆ ಹಾಳೆ ಹಿಡಿದು ಮೂರನೆಯ ಸಲ ಅವನ ಮನೆಗೆ ಹೋಗಲು ನನಗೊಂದು ಕಾರಣ ಸಿಗುತ್ತದೆ.