ಗಾಲಿಯ ಮೇಲೊಂದು ಅಟ್ಟ

ನಿಂತ ಮನೆಯ ಬೀರುವಿಗೂ ಓಡುವ ಮನೆಯ ಬೀರುವಿಗೂ ಸ್ವಭಾವದಲ್ಲೇ ವ್ಯತ್ಯಾಸವಿದೆ. ರಾಮನಗರದ ನಮ್ಮ ಮನೆಯ ಬೀರುವಿನ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಂಡರೆ, ಗೋಡೆಗೆ ಕಾಲು ಕೊಟ್ಟು ಎರಡು ಕೈಯಿಂದ ಎಳೆದರೂ ತೆರೆಯುವುದಿಲ್ಲ. ನಮ್ಮ ಹಳೆಯ ಜೀಪಿನ ಹಿಂದೆ ಕೊಂಡಿ ಹಾಕಿಸಿಕೊಂಡು ಬರುವ ಟ್ರೈಲರಿನೊಳಗಿನ ಬೀರುವೋ, ಯಾರೂ ಕೇಳದಿದ್ದರೂ ರಸ್ತೆಯ ಪ್ರತಿಯೊಂದು ಉಬ್ಬಿನಲ್ಲೂ ತಾನಾಗಿ ತೆರೆದುಕೊಂಡು ತನ್ನ ಅಂತರಂಗವನ್ನೆಲ್ಲ ನೆಲಕ್ಕೆ ಸುರಿದುಬಿಡುತ್ತಿತ್ತು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಸಾಮ್ರಾಜ್ಯಗಳ ಪತನಕ್ಕೆ ಐದೈದು ಕಾರಣಗಳನ್ನು ಉಸಿರು ಬಿಡದೆ ಹೇಳುವುದು ಗೊತ್ತಿತ್ತೇ ಹೊರತು, ಒಂದು ಬೀರುವಿನ ಪತನಕ್ಕೆ ಕಾರಣ ಹುಡುಕುವುದು ಗೊತ್ತಿರಲಿಲ್ಲ.

ಈ ಟ್ರೈಲರು ನಮ್ಮ ಮನೆಗೆ ಬಂದದ್ದು ಹೇಗೆಂಬುದನ್ನು ಮೊದಲು ನಿಮಗೆ ಹೇಳಿಬಿಡಬೇಕು. ನನ್ನ ತಾಯಿ ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದರು. ನಾವು ನೋಡಿಕೊಂಡೆವು ಎಂದು ನಾಲ್ಕು ಜನರೆದುರು ನಾನು ಹೇಳಿಕೊಳ್ಳುವುದುಂಟು. ವಾಸ್ತವದಲ್ಲಿ ನೋಡಿಕೊಂಡವಳು ನನ್ನ ಹೆಂಡತಿ ಜಯ. ನಾನು ಔಷಧಿ ತಂದುಕೊಟ್ಟು, ಬಾಗಿಲಲ್ಲಿ ನಿಂತು, ಹೇಗಿದ್ದಾರೆ ಎಂದು ವಿಚಾರಿಸಿದವನು. ಆ ಒಂಬತ್ತು ವರ್ಷಗಳಲ್ಲಿ ನಾವಿಬ್ಬರೂ ಒಟ್ಟಾಗಿ ಒಂದು ದಿನವೂ ಹೊರಗೆ ತಂಗಲಿಲ್ಲ. ಅಮ್ಮ ಹೋಗಿ ವರ್ಷದ ತಿಥಿಯೂ ಮುಗಿದ ಮೇಲೆ ನೋಡಿದರೆ, ಮನೆಯಲ್ಲಿ ಎರಡು ದಣಿದ ಜೀವಗಳು ಎದುರುಬದುರು ಕೂತು ಕಾಫಿ ಕುಡಿಯುತ್ತಿದ್ದವು, ಆಡಿಕೊಳ್ಳಲು ಒಂದು ಮಾತೂ ಉಳಿದಿರಲಿಲ್ಲ. ನನಗೆ ಭಯವಾದದ್ದು ಆಗ. ಎಲ್ಲಿಗಾದರೂ ಹೋಗೋಣವೆಂದರೆ ಜಯಳಿಗೆ ಸೊಂಟನೋವು, ಕಂಡವರು ಮಲಗಿ ಎದ್ದ ಹಾಸಿಗೆಯಲ್ಲಿ ಅವಳಿಗೆ ನಿದ್ದೆಯೂ ಬರುವುದಿಲ್ಲ. ಮನೆ ಬಿಟ್ಟು ಅವಳು ಬಾರದಿದ್ದರೆ ಮನೆಯನ್ನೇ ಜೊತೆಗೆ ಒಯ್ಯೋಣವೆಂಬ ತರ್ಕಕ್ಕೆ ಬಿದ್ದು, ಯಾರೋ ಉತ್ಸಾಹಿಗಳು ಮಾಡಿಸಿ, ಎರಡು ಸಲ ಬಳಸಿ, ಬೇಸತ್ತು ಶೆಡ್ಡಿನಲ್ಲಿ ನಿಲ್ಲಿಸಿದ್ದ ಟ್ರೈಲರನ್ನು ಕೊಂಡುತಂದೆ. ಅವರು ಬೇಸತ್ತದ್ದೇಕೆ ಎಂದು ವಿಚಾರಿಸುವ ಬುದ್ಧಿ ನನಗೆ ಹೊಳೆಯಲಿಲ್ಲ.

ಗಾಲಿ ಇದ್ದರೇನಂತೆ, ಮನೆ ಮನೆಯೇ ತಾನೆ? ಮಾವಿನ ತೋರಣ ಕಟ್ಟಿ, ಪುಟ್ಟ ಗ್ಯಾಸ್ ಒಲೆಯ ಮೇಲೆ ಹಾಲುಕ್ಕಿಸಿ, ಆರು ಜನ ನೆಂಟರು ಸರದಿಯ ಮೇಲೆ ಒಳಹೊಕ್ಕು ಗೃಹಪ್ರವೇಶವನ್ನು ಸಾಂಗವಾಗಿ ನೆರವೇರಿಸಿದರು. ಜಯ ಕೂಟಗಲ್ಲಿನ ಒಕ್ಕಲುಮನೆಯಲ್ಲಿ ಬೆಳೆದವಳು. ಎಲ್ಲವನ್ನೂ ಒಮ್ಮೆ ಕಣ್ಣಾಡಿಸಿ ನೋಡಿ, "ಎಲ್ಲಾ ಸರಿ ಕಣ್ರೀ, ಅಟ್ಟ ಎಲ್ಲೈತೆ?" ಎಂದಳು. ಅಟ್ಟವೆಂದರೆ ಬೇಕಾದ ಸಾಮಾನಿನ ಜಾಗವಲ್ಲ. ಬೇಡವಾದರೂ ಬಿಸಾಡಲು ಮನಸ್ಸು ಬಾರದ್ದನ್ನು ತಲೆಯ ಮೇಲೇ ಇಟ್ಟುಕೊಂಡು ಬಾಳುವುದಕ್ಕೆ ನಮ್ಮವರು ಕಂಡುಕೊಂಡಿರುವ ಏರ್ಪಾಡು. ಅದಿಲ್ಲದ ಮನೆಯನ್ನು ನಾನೂ ಕಂಡವನಲ್ಲ. ನಮ್ಮ ಬೀದಿಯ ಬಡಗಿಯನ್ನು ಕರೆಸಿ, ಹಳೆಯ ಬಾಗಿಲೊಂದರ ತೇಗದ ಹಲಗೆಗಳಿಂದ, ಎರಡು ಬದಿಯ ಬೀರುಗಳ ನೆತ್ತಿಯ ಮೇಲೆ ಉದ್ದಕ್ಕೂ ಅಟ್ಟ ಹಾಕಿಸಿದೆ. ರಸಮಟ್ಟ ಹಿಡಿದು ನೋಡಿ ಕೂದಲೆಳೆಯಷ್ಟೂ ಓರೆಯಿಲ್ಲವೆಂದು ನಾನೇ ಪ್ರಮಾಣಪತ್ರ ಕೊಟ್ಟೆ. ಮಾಗಡಿ ರಸ್ತೆಗೆ ಯಾರೂ ರಸಮಟ್ಟ ಹಿಡಿದಿಲ್ಲವೆಂಬುದು ನೆನಪಾಗಬೇಕಿತ್ತು, ಆಗಲಿಲ್ಲ.

ಮೊದಲ ಪ್ರವಾಸ ಸಾವನದುರ್ಗದ ತಪ್ಪಲಿಗೆ. ಎರಡು ದಿನದ ಮಟ್ಟಿಗೆಂದು ಜಯ ಆರು ತಿಂಗಳಿಗಾಗುವಷ್ಟು ಹೇರಿದ್ದಳು: ರಾಗಿಹಿಟ್ಟು, ಹುಳಿಪುಡಿ, ಎರಡು ಜಾಡಿ ಉಪ್ಪಿನಕಾಯಿ, ಒರಳುಕಲ್ಲಿನ ತಂಗಿಯಂಥ ಒಂದು ಕುಟ್ಟಾಣಿ, ಅಟ್ಟದ ಮೇಲೆ ಹಳೆ ಸೀರೆಗಳಲ್ಲಿ ಬಿಗಿದ ಮೂರು ದೊಡ್ಡ ಗಂಟು. ಗಂಟಿನಲ್ಲೇನಿದೆಯೆಂದು ನಾನು ಕೇಳಲಿಲ್ಲ. ತಪ್ಪಲು ತಲುಪಿ, ಜೀಪಿನಿಂದಿಳಿದು, ಟ್ರೈಲರಿನ ಬಾಗಿಲು ತೆಗೆದರೆ ಅಟ್ಟ ಒಂದು ಬದಿಗೆ ಜೋತುಬಿದ್ದಿತ್ತು, ಬೀರುಗಳು ಗೋಡೆಯಿಂದ ಕಿತ್ತುಬಂದಿದ್ದವು, ಹಾಸಿಗೆಯ ಮೇಲೆ ಉಪ್ಪಿನಕಾಯಿಯೂ ಅದರ ಮೇಲೆ ರಾಗಿಹಿಟ್ಟೂ ಹದವಾಗಿ ಹರಡಿದ್ದವು. ಜಯಳ ಗಂಟುಗಳು ಮಾತ್ರ ಬಿದ್ದರೂ ಬಿಚ್ಚಿರಲಿಲ್ಲ. ನಾನು ಏನೋ ನಗೆಚಾಟಿಕೆ ಮಾಡಲು ಬಾಯಿ ತೆರೆದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಒಂಬತ್ತು ವರ್ಷ ಬಳಿದೂ ಬಳಿದೂ ಸಾಕಾಗೋಗೈತೆ ಕಣ್ರೀ. ಇನ್ನೊಂದ್ ಮನೆ ಬಳಿಯೋಕೆ ನನ್ ಕೈಲಾಗಲ್ಲ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅದರಲ್ಲಿ ಸಿಟ್ಟೇ ಇರಲಿಲ್ಲ. ಅಂದೇ ಹಿಂತಿರುಗಿದೆವು. ಮನೆಯ ಗೇಟಿನ ಬಳಿ ಇಳಿಯುವಾಗ, "ಇನ್ನೊಂದ್ ಸಲ ಬತ್ತೀನಿ. ಆವಾಗ್ಲೂ ಹಿಂಗೇ ಆದ್ರೆ ಮಾರ್ಬುಡಿ, ಆಮೇಲೆ ನನ್ನ ಎಲ್ಲಿಗೂ ಕರೀಬೇಡಿ," ಎಂದಳು.

ಆ ಇನ್ನೊಂದು ಸಲಕ್ಕಾಗಿ ನಾನೇ ಸುತ್ತಿಗೆ ಹಿಡಿದೆ. ಕಿತ್ತುಬಂದ ಬೀರುಗಳನ್ನೂ ಜೋತುಬಿದ್ದ ಅಟ್ಟವನ್ನೂ ಮತ್ತೆ ಎತ್ತಿ ನಿಲ್ಲಿಸಿ, ಮೂರಿಂಚಿನ ಮೊಳೆಗಳನ್ನು ಮನಸೋಇಚ್ಛೆ ಹೊಡೆದು, ಹೊಡೆದದ್ದು ಸಾಲದೆಂದು ಮೇಲೊಂದು ತೇಗದ ಪಟ್ಟಿ ಕೊಟ್ಟು, ಪಟ್ಟಿಯ ಭಾರಕ್ಕೆ ಇನ್ನಷ್ಟು ಮೊಳೆ ಹೊಡೆದೆ. ಜಯಳ ಗಂಟುಗಳೂ ಮತ್ತೆ ಅಟ್ಟ ಹತ್ತಿದವು. ಬೀರುಗಳು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯವು. ಪ್ರತಿ ಮೊಳೆಗೂ ಅವು ಬಿಸ್ಕತ್ತಿನ ಹಾಗೆ ಉದುರಿದವು. ಕೊನೆಗೆ ಹೆಬ್ಬೆರಳಿಗೆ ಕಟ್ಟಿದ ಬ್ಯಾಂಡೇಜಿನ ಸಮೇತ ಚನ್ನಪಟ್ಟಣಕ್ಕೆ ಹೋಗಿ ಪುಟ್ಟಸ್ವಾಮಿಯನ್ನು ಕರೆತಂದೆ. ಪುಟ್ಟಸ್ವಾಮಿ ಬೊಂಬೆ ಕಡೆಯುವವನು, ಜೊತೆಗೆ ಮರಗೆಲಸವನ್ನೂ ಮಾಡುತ್ತಾನೆ. ಅವನು ಟೇಪು ತೆಗೆಯಲಿಲ್ಲ, ಪೆನ್ಸಿಲ್ಲೂ ತೆಗೆಯಲಿಲ್ಲ. ನನ್ನ ಮೊಳೆಗಳ ಮೇಲೆ ಒಮ್ಮೆ ಕೈಯಾಡಿಸಿ, ಪಾಪ, ನಗು ತಡೆದುಕೊಂಡ.

"ಮೇಷ್ಟ್ರೇ, ಇದು ಗೋಡೆಗ್ ಒರಗಿರೋ ಬೀರಲ್ಲ, ಗಾಲಿ ಮ್ಯಾಲಿಂದು. ಅದುರ್ತಾ ಅದುರ್ತಾ ಮೊಳೆ ತಾನೇ ಈಚಿಗ್ ಬತ್ತದೆ. ನೀವು ಗಾಡಿ ಎಳ್ಕಂಡು ನಿಧಾನಕ್ಕೆ ಒಸಿ ದೂರ ನಡೀರಿ, ನಾನು ಒಳಗ್ ಕೂತ್ಕತೀನಿ," ಎಂದ.

ಕೂಟಗಲ್ಲಿನ ಕಡೆಯ ಖಾಲಿ ರಸ್ತೆಯಲ್ಲಿ ಎತ್ತಿನಗಾಡಿಯ ವೇಗದಲ್ಲಿ ಹೋದೆ. ಒಳಗೆ ಪುಟ್ಟಸ್ವಾಮಿ ಕಣ್ಣು ಮುಚ್ಚಿ, ಪ್ರತಿಯೊಂದು ಹಲಗೆಯ ಮೇಲೂ ಅಂಗೈ ಊರಿ ನಿಲ್ಲುತ್ತ ಬಂದನಂತೆ. ತಿರುಗುವ ಮರದ ನಡುಕವನ್ನು ಅಂಗೈಯಲ್ಲೇ ತಿಳಿಯುವುದು ಬೊಂಬೆ ಕಡೆಯುವವರ ಅಭ್ಯಾಸ. ಮನೆಯ ಮುಂದೆ ಇಳಿದವನು ನೇರವಾಗಿ ಹೇಳಿದ: "ಬೀರುದೇನೂ ತಪ್ಪಿಲ್ಲ. ತಲೆ ಮ್ಯಾಲೆ ಅಷ್ಟ್ ಹೊರಿಸ್ಬುಟ್ಟು, ಅಲ್ಲಾಡ್ದಂಗೆ ನಿಂತ್ಕೋ ಅಂದ್ರೆ ಎಂಗೆ? ಅಟ್ಟ ತಗೀಬೇಕು."

"ಅಟ್ಟ ತಗುದ್ರೆ ಆ ಗಂಟೆಲ್ಲ ಎಲ್ಲಿ ಮಡಗ್ಲಪ್ಪಾ?" ಎಂದಳು ಜಯ.

"ಏನೇನೈತೆ ಇಳ್ಸಿ ನೋಡನ ತಡೀರವ್ವಾ," ಎಂದು ಅವನೇ ಗಂಟುಗಳನ್ನು ಇಳಿಸಿ ಅಂಗಳದಲ್ಲಿ ಬಿಚ್ಚಿದ. ಪಾತ್ರೆ ಪಡಗವಿರಬಹುದೆಂದು ನಾನೆಣಿಸಿದ್ದೆ. ಹೊರಬಂದದ್ದು ಹಾಸಿಗೆಯ ಮೇಲೆ ಹಾಸುವ ರಬ್ಬರ್ ಶೀಟು, ಮಲಗಿದವರಿಗೆ ಗಂಜಿ ಕುಡಿಸುವ ಮೂತಿಯ ಬಟ್ಟಲು, ಬಿಸಿನೀರಿನ ಚೀಲ, ಬೆಡ್ ಪ್ಯಾನು, ಮಡಿಸುವ ವಾಕರ್, ಹಳೆ ಹತ್ತಿ ಸೀರೆಗಳನ್ನು ಹರಿದು ಒಗೆದು ಮಡಿಸಿಟ್ಟ ನೂರಾರು ತುಂಡು. ಎಲ್ಲವೂ ಅಮ್ಮನವು.

"ಕಾಯಿಲೆಯವ್ರು ಯಾರಾರ ಜೊತೇಲಿ ಬತ್ತಾರಾ ಅವ್ವಾ?" ಎಂದು ಪುಟ್ಟಸ್ವಾಮಿ ಮುಗ್ಧವಾಗಿ ಕೇಳಿದ.

ನಾನು ಮೆಲ್ಲಗೆ, "ಜಯಾ, ಅಮ್ಮ ಹೋಗಿ ವರ್ಷದ ಮೇಲಾಯ್ತಲ್ಲ," ಎಂದೆ. ಅಗಲಿದವರನ್ನು ಮರೆಯಲಾರದ ಸೊಸೆಗೆ ಸಮಾಧಾನ ಹೇಳುವ ಗಾಂಭೀರ್ಯ ನನ್ನ ದನಿಯಲ್ಲಿ ತಾನಾಗಿ ಬಂದಿತ್ತು.

ಜಯ ಶೀಟನ್ನು ಮಡಿಸುತ್ತಲೇ, "ಅತ್ತೆಗಲ್ಲ ಕಣ್ರೀ, ನಿಮಗೆ," ಎಂದಳು. "ಶುಗರ್ ಐತೆ, ಮಂಡಿ ಹೋಗೈತೆ. ಅವರದಾಯ್ತು, ಇನ್ನು ನಿಮ್ಮ ಸರದಿ ತಾನೆ? ಕಾಣದ ಊರಲ್ಲಿ ಏನಾರ ಆದ್ರೆ ನಾನೊಬ್ಳೇ ಇವನ್ನೆಲ್ಲ ಎಲ್ಲಿ ಹುಡ್ಕಲಿ?"

ಪ್ರವಾಸದ ಸಾರಥಿ ನಾನೆಂದು ಭಾವಿಸಿಕೊಂಡಿದ್ದೆ. ನಾನು ಮುಂದಿನ ರೋಗಿಯೆಂದು ಆ ಕ್ಷಣ ತಿಳಿಯಿತು. ಮೊದಲು ನಗು ಬಂತು, ಆಮೇಲೆ ಸಿಟ್ಟು ಬರಲು ನೋಡಿತು, ಕೊನೆಗೆ ಉಳಿದದ್ದು ನಾಚಿಕೆ. ಅಂಗಳದ ತುಂಬ ಹರಡಿದ್ದ ಅಷ್ಟು ಸಾಮಾನಿನಲ್ಲಿ ಅವಳದೆಂಬುದು ಒಂದೂ ಇರಲಿಲ್ಲ. ಸೊಂಟಕ್ಕೆ ಹಚ್ಚಿಕೊಳ್ಳುವ ಮುಲಾಮಿನ ಡಬ್ಬಿಯನ್ನೂ ಅವಳು ಕಟ್ಟಿಕೊಂಡಿರಲಿಲ್ಲ. ಅವಳಿಗೆ ವಿಶ್ರಾಂತಿಯಾಗಲೆಂದು ನಾನು ಗಾಡಿ ತಂದಿದ್ದೆ. ಅವಳು ಅದರಲ್ಲಿ ನನ್ನ ಆಸ್ಪತ್ರೆಯನ್ನು ಸಜ್ಜು ಮಾಡಿಟ್ಟುಕೊಂಡು, ಸೊಂಟ ಹಿಡಿದುಕೊಂಡು, ಹೊರಡಲು ಒಪ್ಪಿದ್ದಳು. ಪುಟ್ಟಸ್ವಾಮಿ ಏನೋ ಅರ್ಥವಾದವನಂತೆ ಬೀಡಿ ಸೇದುವ ನೆಪದಲ್ಲಿ ಗೇಟಿನಾಚೆ ಹೋದ.

ಅಟ್ಟ ಇಳಿಯಿತು. ಪುಟ್ಟಸ್ವಾಮಿ ಅದರ ತೇಗವನ್ನೇ ಕೊಯ್ದು ಬೀರುಗಳ ಒಳಮೂಲೆಗಳಿಗೆ ಒತ್ತು ಕೊಟ್ಟ. ನನ್ನ ಮೊಳೆಗಳು ಮಾಡಿದ್ದ ತೂತುಗಳಿಗೆ ಮರದ ಬೆಣೆಗಳನ್ನು ಅಂಟಿನಲ್ಲಿ ಅದ್ದಿ ಹೊಡೆದು, ಬೀರುಗಳನ್ನು ಗೋಡೆಯ ಹಿಂದಿರುವ ಕಬ್ಬಿಣದ ಚೌಕಟ್ಟಿಗೆ ನಟ್ಟು ಬೋಲ್ಟು ಹಾಕಿ ಬಿಗಿದ. ಬಾಗಿಲುಗಳಿಗೆ ಚಿಲಕಗಳನ್ನು ತಾನೇ ಕಡೆದು, ಬೊಂಬೆಗೆ ಹಚ್ಚುವ ಕೆಂಪು ಅರಗು ಹಚ್ಚಿ ತಂದ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂದು ಇಬ್ಬರಿಗೂ ಪಾಠ ಹೇಳಿ ಹೋದ. ಗಂಟುಗಳು ಎರಡು ದಿನ ಜಗಲಿಯಲ್ಲೇ ಇದ್ದವು. ನಾನು ಅವುಗಳ ತಂಟೆಗೆ ಹೋಗಲಿಲ್ಲ. ಮೂರನೆಯ ಬೆಳಿಗ್ಗೆ ಜಯ ತಾನಾಗಿ ಅವನ್ನು ಮನೆಯೊಳಕ್ಕೆ ಒಯ್ದಳು. "ರಬ್ಬರ್ ಶೀಟ್ ಒಂದು ಇರ್ಲಿ, ಮಳೆಗಿಳೆ ಬಂದ್ರೆ ಆಯ್ತದೆ," ಎಂದಳು. ಇರಲಿ ಎಂದೆ. ಈ ಸಲ ಸಾಮಾನು ನಾನು ಕಟ್ಟುತ್ತೇನೆ, ನಿನಗೇನು ಬೇಕು ಹೇಳು ಎಂದು ಕೇಳಿದ್ದಕ್ಕೆ ಬಹಳ ಹೊತ್ತು ಯೋಚಿಸಿ, "ಒಂದ್ ದಿಂಬು," ಎಂದಳು.

ಮತ್ತೆ ಅದೇ ಮಾಗಡಿ ರಸ್ತೆ, ಅದೇ ತಪ್ಪಲು. ಒಂದು ಕಣ್ಣು ಮುಚ್ಚಿಕೊಂಡೇ ಬಾಗಿಲು ತೆಗೆದೆ. ಏನೂ ಬಿದ್ದಿರಲಿಲ್ಲ. ಜಯ ಒಂದೊಂದೇ ಚಿಲಕ ತಿರುಗಿಸಿ, ಡಬ್ಬಿಗಳನ್ನು ಮುಟ್ಟಿ ನೋಡಿ, ಹೊಗಳಿಕೆಯ ಮಾತೊಂದನ್ನೂ ಆಡದೆ, ಸೊಂಟ ಒಸಿ ನೀಡಿಕೊಳ್ಳುತ್ತೇನೆಂದು ದಿಂಬಿಗೆ ತಲೆ ಕೊಟ್ಟವಳು ಹಾಗೆಯೇ ನಿದ್ದೆ ಹೋದಳು. ನಾನು ಸದ್ದಾಗದಂತೆ ಉಪ್ಪಿಟ್ಟು ಕೆದಕಿದೆ. ಮಧ್ಯಾಹ್ನ ಮೂರರ ಸುಮಾರಿಗೆ ಅವಳು ಧಡಕ್ಕನೆ ಎದ್ದು ಕೂತು, ಕಾಲಿನಿಂದ ಚಪ್ಪಲಿ ತಡಕುತ್ತ, "ಬಂದೇ, ಬಂದೇ," ಎಂದಳು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದಳು: "ಯಾರ್ ಕರುದ್ರು?"

"ಯಾರೂ ಕರೀಲಿಲ್ಲ."

"ನೀವು ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಿ. ಮಲ್ಕೋ."

ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಪರೀಕ್ಷಿಸಿ, ನಂಬಿ, ಗೋಡೆಯ ಕಡೆ ಮಗ್ಗುಲಾಗಿ ಅವಳು ಮತ್ತೆ ಮಲಗಿದಳು. ನಾನು ಒಲೆ ಆರಿಸಿ, ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಅವಳು ತಾನಾಗಿ ಏಳುವವರೆಗೆ ಹೊರಗೆ ಕೂತಿದ್ದೆ.