ಪಟ್ಟಿಯ ಮೊದಲ ಹೆಸರು

ಗುರುಬಸವ್ವನಿಗೆ ಇಂಗ್ಲಿಷಿಗಿಂತ ಮೊದಲು ಸ್ಪ್ಯಾನಿಷ್ ಸಲೀಸಾಯಿತು. ಇದನ್ನು ಕೇಳಿ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಕನ್ನಡದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಗಲಿ ಬಿಡಿ, ಅವಳಿಗೇನಂತೆ! ಬಿಜಾಪುರದ ಕಡೆಯ ಹೆಣ್ಣು, ಹುಬ್ಬಳ್ಳಿಯಲ್ಲಿ ನರ್ಸಿಂಗು ಕಲಿತವಳು. ಎಪ್ಪತ್ತೈದನೇ ಇಸವಿಯಲ್ಲಿ ಇಂಜಿನಿಯರು ಗಂಡ ಸಂಗನಬಸಪ್ಪನ ಜೊತೆ ಸನ್ನಿವೇಲಿನ ಪಕ್ಕದ ಸ್ಯಾನ್ ಹೋಸೆಗೆ ಬಂದಾಗ ಕೆಲಸ ಸಿಕ್ಕಿದ್ದು ಊರಿನ ಪೂರ್ವದ ತುದಿಯಲ್ಲಿದ್ದ ಬಡವರ ಕ್ಲಿನಿಕ್ಕಿನಲ್ಲಿ. ಅಲ್ಲಿಗೆ ಬರುವ ಮುಕ್ಕಾಲು ಜನಕ್ಕೆ ಇಂಗ್ಲಿಷ್ ಬಾರದು. ಎಲ್ಲಿ ನೋವು, ಎಷ್ಟು ದಿನವಾಯಿತು, ಮಗು ಏನು ತಿಂದಿತ್ತು ಅಂತ ಕೇಳುತ್ತ ಕೇಳುತ್ತಲೇ ಆ ಭಾಷೆ ಅವಳ ನಾಲಿಗೆಯಲ್ಲಿ ಕೂತುಬಿಟ್ಟಿತು.

ಎಂಬತ್ತರ ನಂತರ ಆ ಕ್ಲಿನಿಕ್ಕಿಗೆ ಎಲ್ ಸಾಲ್ವಡಾರಿನವರು ಬರತೊಡಗಿದರು. ಅವರ ನಾಡಿನಲ್ಲಿ ಸರ್ಕಾರಕ್ಕೂ ಬಂಡಾಯದವರಿಗೂ ಯುದ್ಧ. ನಡುವೆ ಸಿಕ್ಕ ಹಳ್ಳಿಗಳು ಸುಟ್ಟು ಬೂದಿಯಾಗಿದ್ದವು. ಎಂಬತ್ತೇಳರ ಕೊನೆಗೆ ಒಂದು ಸುದ್ದಿ ಬಂತು. ಗಡಿಯಾಚೆಯ ಡೇರೆಗಳಲ್ಲಿ ವರ್ಷಗಟ್ಟಲೆ ಕೊಳೆತ ಜನ, ಯುದ್ಧ ಮುಗಿಯುವವರೆಗೂ ಕಾಯದೆ, ತಮ್ಮ ಬೆಟ್ಟದ ಹಳ್ಳಿಗಳಿಗೆ ವಾಪಸು ಬಂದಿದ್ದಾರೆ. ತಲೆ ಮೇಲೆ ಸೂರಿಲ್ಲ, ಮಕ್ಕಳಿಗೆ ಔಷಧವಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಚರ್ಚಿನವರು ಔಷಧ ಮುಟ್ಟಿಸಲು ಹೊರಟರು. ಭಾಷೆ ಬಲ್ಲ ನರ್ಸು ಬೇಕಿತ್ತು. ಗುರುಬಸವ್ವ ಕೈ ಎತ್ತಿದಳು.

ಎತ್ತಿದ್ದೇ ತಡ, ಸ್ಯಾನ್ ಹೋಸೆಯ ಎವರ್‌ಗ್ರೀನಿನ ಅವಳ ಮನೆಯ ಗರಾಜು ಔಷಧದ ಪೆಟ್ಟಿಗೆಗಳಿಂದ ತುಂಬಿತು. ಕಾರು ಬಿಸಿಲಿಗೆ ಬಿತ್ತು. ಕನ್ನಡ ಸಂಘದ ಕಾರ್ಯದರ್ಶಿ ಶೇಷಾದ್ರಿ ಮೈಸೂರಿನವರು, ಎಲ್ಲದಕ್ಕೂ ಫಾರ್ಮು ಮಾಡುವ ಮನುಷ್ಯ. ಕನ್ನಡದ ಡಾಕ್ಟರುಗಳ ಕ್ಲಿನಿಕ್ಕುಗಳಿಂದ ಜ್ವರದ, ಹುಳದ, ಕೆಮ್ಮಿನ ಔಷಧಗಳನ್ನು ಒಟ್ಟು ಮಾಡಿ ಕೊಟ್ಟವರು ಅವರೇ. ಜೊತೆಗೊಂದು ನೋಟ್‌ಬುಕ್ಕನ್ನೂ ಕೊಟ್ಟರು. "ಯಾರ್ ಯಾರಿಗೆ ತಲುಪ್ತು ಅಂತ ಹೆಸರು, ಊರು, ಸೈನು ತೊಗೊಂಡ್ಬನ್ನಿ. ಡಾಕ್ಟರುಗಳು ಕೇಳ್ತಾರೆ."

ಗುರುಬಸವ್ವನಿಗೆ ಇದು ಒಂಥರಾ ಆಯಿತು. ಅವಳ ತವರಿನಲ್ಲಿ ದಾಸೋಹ ನಡೆಯುತ್ತಿತ್ತು. ಮಧ್ಯಾಹ್ನ ಯಾರು ಬಂದು ಕೂತರೂ ಎಲೆಗೆ ರೊಟ್ಟಿ ಬೀಳಬೇಕು. ಚಿಕ್ಕವಳಿದ್ದಾಗ ಒಬ್ಬ ದಾರಿಹೋಕನನ್ನು "ನಿಮ್ಮ ಹೆಸರೇನ್ರೀ?" ಅಂತ ಕೇಳಿದ್ದಕ್ಕೆ ಅವಳವ್ವ ದಾನವ್ವ ಹಿಟ್ಟಿನ ಕೈಯಲ್ಲೇ ಬೆನ್ನಿಗೊಂದು ಬಿಟ್ಟಿದ್ದಳು. ಉಣ್ಣುವವರ ಹೆಸರು ಕೇಳಬಾರದು, ಅಷ್ಟೆ. ಆದರೂ ಇದು ಅಮೆರಿಕ, ಇಲ್ಲಿ ಎಲ್ಲದಕ್ಕೂ ಕಾಗದ ಬೇಕು ಅಂದುಕೊಂಡು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು.

ಎಂಬತ್ತೆಂಟರ ಫೆಬ್ರವರಿಯಲ್ಲಿ ಮೊದಲ ಸಲ ಹೋದಳು. ವಿಮಾನ, ಆಮೇಲೆ ಲಾರಿ, ಆಮೇಲೆ ಪೆಟ್ಟಿಗೆ ಹೊತ್ತು ಬೆಟ್ಟ ಹತ್ತುವುದು. ಮೇಲೆ ಹೋಗಿ ನೋಡಿದರೆ ಏನು ಬೆಳೆದಿದೆ ಅಂತೀರಿ? ಜೋಳ! ಬಿಳಿ ಜೋಳ! ಗುರುಬಸವ್ವ ತೆನೆ ಹಿಡಿದುಕೊಂಡು ಅಲ್ಲೇ ಗೊಳೋ ಅಂದಳು. ಮಾರ್ತಾ ಎಂಬ ಮೂವತ್ತರ ಹೆಂಗಸು ಎರಡೂ ಅಂಗೈ ನಡುವೆ ದಪ್ಪ ರೊಟ್ಟಿ ತಟ್ಟುತ್ತಿದ್ದಳು. "ಸರಿ ಆ ಕಡೆ," ಅಂತ ಗುರುಬಸವ್ವ ಹಲಗೆಯ ಮೇಲೆ ತೆಳ್ಳಗೆ ತಟ್ಟಿ ತೋರಿಸಿದಳು. ಮಾರ್ತಾ ಅದನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಕಾಗದ ಬರೆಯಬಹುದಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಔಷಧ ಹಂಚುವಾಗ ಸಾಲಿನಲ್ಲಿ ಮುಂದೆ ನಿಂತವಳೂ ಅವಳೇ. ಗುರುಬಸವ್ವ ಅವಳ ಹೆಸರನ್ನೇ ಮೊದಲು ದುಂಡಗೆ ಬರೆದುಕೊಂಡಳು. ಒಟ್ಟು ಅರವತ್ತಮೂರು ಹೆಸರು.

ವಾಪಸು ಬರುವಾಗ ಬೆಟ್ಟದ ಬುಡದ ಸೈನ್ಯದ ಗೇಟಿನಲ್ಲಿ ಕಪ್ಪು ಕನ್ನಡಕದ ಅಧಿಕಾರಿಯೊಬ್ಬ ಅವಳ ಚೀಲ ಜಾಲಾಡಿದ. ನೋಟ್‌ಬುಕ್ಕು ತೆಗೆದು, ಪುಟ ತಿರುವಿ, ನಗುತ್ತ ಥ್ಯಾಂಕ್ಸ್ ಹೇಳಿ ಇಟ್ಟುಕೊಂಡ. ಹೋದರೆ ಹೋಯಿತು ಒಂದು ನೋಟ್‌ಬುಕ್ಕು ಅಂದುಕೊಂಡಳು ಗುರುಬಸವ್ವ.

ಆಗಸ್ಟಿನಲ್ಲಿ ಎರಡನೇ ಸಲ ಹೋದಾಗ ಮಾರ್ತಾಳ ಮನೆಯ ಬಾಗಿಲು ಒಂದೇ ಕೀಲಿನ ಮೇಲೆ ನೇತಾಡುತ್ತಿತ್ತು. ಅವಳ ತಾಯಿ ಒಲೆ ಮುಂದೆ ಕೂತಿದ್ದಳು. "ಪಟ್ಟಿ ಹಿಡಿದುಕೊಂಡು ಬಂದರು. ಮೊದಲನೇ ಹೆಸರು ಕೂಗಿದರು. ಔಷಧ ಕೊಡೋಕೆ ಬಂದಿದ್ದಾರೆ ಅಂತ ಇವಳು ಹೊರಗೆ ಓಡಿದಳು," ಎಂದಳು ಮುದುಕಿ. ಬಂಡಾಯದವರಿಗೆ ಔಷಧ ಸಾಗಿಸುತ್ತೀಯ ಅಂತ ಎಳೆದುಕೊಂಡು ಹೋದವರು ಎಲ್ಲಿ ಬಿಟ್ಟರೋ ಯಾರಿಗೂ ಗೊತ್ತಿಲ್ಲ. ಮುದುಕಿ ಬೈಯಲಿಲ್ಲ, ಶಪಿಸಲಿಲ್ಲ. ಬಿಸಿ ರೊಟ್ಟಿ ತೆಗೆದು ಗುರುಬಸವ್ವನ ಕೈಗಿಟ್ಟಳು. ಅಯ್ಯೋ ಶಿವನೇ, ಅದನ್ನು ನುಂಗುವುದು ಹ್ಯಾಗೆ!

ಇಳಿದು ಬರುವಾಗ ಅದೇ ಕನ್ನಡಕದವನು ಹೇಳಿದ: "ಮುಂದಿನ ಸಲ ಔಷಧ ತಗೊಳ್ಳೋರ ಪಟ್ಟಿ ಮೊದಲೇ ಕೊಡಬೇಕು. ಇಲ್ಲದಿದ್ದರೆ ಲಾರಿ ಬಿಡೋದಿಲ್ಲ."

ಅಕ್ಟೋಬರಿನ ಒಂದು ಭಾನುವಾರ ಸನ್ನಿವೇಲಿನಲ್ಲಿ ಶೇಷಾದ್ರಿಯವರ ಅಪಾರ್ಟ್‌ಮೆಂಟಿನಲ್ಲಿ ಸಂಘದ ಮೀಟಿಂಗು ನಡೆಯಿತು. ಉಪ್ಪಿಟ್ಟು, ಕಾಫಿ ಆಯಿತು. ಮೂಲೆಯಲ್ಲಿ ನಲವತ್ತು ಪೆಟ್ಟಿಗೆ ಔಷಧ ಸಿದ್ಧವಾಗಿತ್ತು. ಶೇಷಾದ್ರಿ ಈ ಸಲ ನೋಟ್‌ಬುಕ್ಕಿನ ಬದಲು ನೀಟಾಗಿ ಟೈಪು ಮಾಡಿದ ಫಾರ್ಮು ತೆಗೆದರು. ತೆಗೆದುಕೊಂಡವರ ಹೆಸರು, ವಿಳಾಸ, ಸಹಿ.

"ನಾ ಬರಿಯಂಗಿಲ್ರೀ," ಎಂದಳು ಗುರುಬಸವ್ವ.

"ಹಾಗಂದ್ರೆ ಹೇಗೆ ಗುರುಬಸವ್ವನೋರೆ? ಪ್ರೊಸೀಜರು ಅಂತ ಒಂದಿರತ್ತೆ. ಲಿಸ್ಟಿಲ್ದೆ ಪೆಟ್ಟಿಗೆ ಹೊರಡಲ್ಲ."

"ಪ್ರೊಸೀಜರು ಒಂದು ಹೆಣ್ಣಮಗಳ್ನ ನುಂಗಿತ್ರೀ!" ಗುರುಬಸವ್ವನ ದನಿಗೆ ಕಾಫಿ ಕಪ್ಪುಗಳು ಅಲ್ಲಲ್ಲೇ ನಿಂತವು. ಅಲ್ಲಿವರೆಗೆ ನೋಟ್‌ಬುಕ್ಕು ಕಳೆಯಿತು ಅಂತ ಮಾತ್ರ ಹೇಳಿದ್ದಳು. ಈಗ ಎಲ್ಲ ಹೇಳಿದಳು. ಗೇಟು, ಕನ್ನಡಕ, ಬಾಗಿಲು, ಬಿಸಿ ರೊಟ್ಟಿ. "ನಮ್ಮವ್ವ ಬೆನ್ನಿಗೆ ಹೊಡದು ಕಲಿಸಿದ್ದನ್ನ ಮರೆತೆ ನಾನು. ಬರದದ್ದು ನನ್ನ ಕೈ. ಇನ್ನೊಮ್ಮಿ ಉಣ್ಣವರ ಹೆಸರು ಬರದ್ರ ಈ ಕೈ ಸೇದಿ ಹೋಗಲಿ."

ಶೇಷಾದ್ರಿ ಫಾರ್ಮನ್ನು ಮುಂದೆ ಚಾಚಿದರು. "ಆ ಗೇಟಲ್ಲೂ ಲಿಸ್ಟು ಕೇಳ್ತಾನೆ ಅಂತೀರಿ. ಏನ್ ತೋರಿಸ್ತೀರಿ? ಲಾರಿ ಅಲ್ಲೇ ನಿಲ್ಲತ್ತೆ, ಮಕ್ಕಳಿಗೂ ಇಲ್ಲ, ಯಾರಿಗೂ ಇಲ್ಲ." ಮಾತೇನೋ ನಿಜವೇ ಆಗಿತ್ತು. ಗುರುಬಸವ್ವ ನಲವತ್ತು ಪೆಟ್ಟಿಗೆಗಳ ಕಡೆ ನೋಡುತ್ತ ನಿಂತಳು. ಆಮೇಲೆ ಒಮ್ಮೆಲೇ ಫಾರ್ಮು ಕಿತ್ತುಕೊಂಡು ಮೇಜಿನ ಮೇಲಿಟ್ಟು, ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದಳು. ವಿಳಾಸ ಎವರ್‌ಗ್ರೀನಿನದು. ಸಹಿಯನ್ನೂ ಹಾಕಿದಳು.

"ಪೆಟ್ಟಿಗೆ ತಗೊಂಡಾಕಿ ನಾನ. ಅವಗೂ ಇದ್ನ ತೋರಸ್ತೀನಿ. ಯಾರಿಗೆ ಕೊಟ್ಟೆ ಅನ್ನೂದು ನನ್ನ ಹೊಟ್ಟ್ಯಾಗ ಇರ್ತೈತಿ."

ಸಂಗನಬಸಪ್ಪ, ಮೀಟಿಂಗುಗಳಲ್ಲಿ ಎಂದೂ ತುಟಿ ಪಿಟಕ್ಕೆನ್ನದವನು, ಎದ್ದು ಬಂದು ಎರಡನೇ ಸಾಲಿನಲ್ಲಿ ಬರೆದ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಗೇಟಿನ ಸೈನ್ಯಕ್ಕೆ ದುಡ್ಡು, ಬಂದೂಕು ಕೊಡುತ್ತಿದ್ದದ್ದು ಅಮೆರಿಕದ ಸರ್ಕಾರವೇ; ಇಲ್ಲಿ ಗ್ರೀನ್ ಕಾರ್ಡು ಕಾಯುತ್ತಿದ್ದವರಿದ್ದರು. ಸ್ವತಃ ಶೇಷಾದ್ರಿ ಅಮೆರಿಕದ ಸೈನ್ಯಕ್ಕೆ ಉಪಕರಣ ಮಾಡುವ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಅಷ್ಟರಲ್ಲಿ ಅವರ ಹೆಂಡತಿ ನಿರುಪಮಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಪೆನ್ನು ತೆಗೆದುಕೊಂಡರು.

"ಏ, ನೀನ್ಯಾಕೆ! ನಿನ್ನ ಅಡ್ರೆಸ್ಸು ಅಂದ್ರೆ ನನ್ನ ಅಡ್ರೆಸ್ಸೂ ಅದೇ ಅಲ್ವೇನೇ!"

"ಹಾಗಾದ್ರೆ ಕೆಳಗೇ ನಿಮ್ಮದೂ ಹಾಕಿ, ಒಂದೇ ಸಲ ಕೆಲಸ ಮುಗಿಯತ್ತೆ," ಎಂದರು ನಿರುಪಮಾ ತಲೆ ಎತ್ತದೆ.

ಶೇಷಾದ್ರಿ ಹಾಕಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತರು. ಮಿಕ್ಕವರು ಒಬ್ಬೊಬ್ಬರೇ ಬಂದರು, ಕೆಲವರು ಬರಲಿಲ್ಲ. ಪಾಲೋ ಆಲ್ಟೋದ ಇಬ್ಬರು ಡಾಕ್ಟರು ಬರೆದರು. ಹತ್ತೊಂಬತ್ತು ಹೆಸರಾಯಿತು. ಎಲ್ಲರೂ ಹೊರಡುವ ಹೊತ್ತಿಗೆ ಶೇಷಾದ್ರಿ ಪಟ್ಟಿ ಇಸಿದುಕೊಂಡು ನೋಡಿ, "ಜಿಪ್ ಕೋಡು ಬರೆದಿಲ್ಲ ಯಾರೂ," ಎಂದು ಗೊಣಗಿದರು. ಕೂತು ಎಲ್ಲರದನ್ನೂ ತುಂಬಿದರು. ಇಪ್ಪತ್ತನೇ ಸಾಲಿನಲ್ಲಿ ತಮ್ಮ ಹೆಸರು ಬರೆದರು.

ಜನವರಿಯಲ್ಲಿ ಲಾರಿ ಅದೇ ಗೇಟಿನ ಮುಂದೆ ನಿಂತಿತು. ಅದೇ ಕನ್ನಡಕ. ಗುರುಬಸವ್ವ ಪಟ್ಟಿ ಕೊಟ್ಟಳು. ಅವನು ತುಟಿ ಅಲ್ಲಾಡಿಸಿ ಓದಲು ಹೆಣಗಿದ.

"ಇದೆಂಥ ಹೆಸರುಗಳು? ಸನ್ನಿವೇಲ್ ಎಲ್ಲಿದೆ?"

"ಕ್ಯಾಲಿಫೋರ್ನಿಯಾದಾಗ. ತಗೊಂಡವರ ಪಟ್ಟಿ ಕೇಳಿದ್ಯಲ್ಲ, ಈ ಪೆಟ್ಟಿಗೆ ತಗೊಂಡವರು ಇವರ. ಅಮೆರಿಕದಾಗ ಇರೂ ಮಂದಿ. ಇವರೊಳಗ ಒಬ್ಬರು ಕಾಣೆಯಾದ್ರೂ ಮರುದಿನ ಪೇಪರಿನಾಗ ಬರ್ತೈತಿ." ಸ್ಪ್ಯಾನಿಷಿನಲ್ಲೇ ಹೇಳಿದಳು, ಆದರೆ ಆ ದನಿ ಅಪ್ಪಟ ಬಿಜಾಪುರದ್ದು.

"ಬೆಟ್ಟದ ಮೇಲಿನವರ ಹೆಸರು ಎಲ್ಲಿ?"

"ಉಣ್ಣವರ ಹೆಸರು ನಾವು ಕೇಳಂಗಿಲ್ಲ."

ಅವನು ಕನ್ನಡಕ ತೆಗೆದ. ಒಳಗೆ ಇಪ್ಪತ್ತೈದರ ಹುಡುಗನ ಕಣ್ಣು. "ಈ ಮೊದಲನೇ ಹೆಸರು ಯಾರದು?"

"ನಂದು. ಮಾರ್ತಾನ ಹೆಸರು ಕೂಗಿದ್ರಲ್ಲ, ಹಂಗ ಕೂಗು. ಇಲ್ಲೇ ನಿಂತೀನಿ."

ಅವನು ಕೂಗಲಿಲ್ಲ. ಅವಳನ್ನೂ ಪಟ್ಟಿಯನ್ನೂ ಎರಡು ಸಲ ನೋಡಿ, ಗೇಟಿನವನಿಗೆ ಕೈಸನ್ನೆ ಮಾಡಿದ. ಪಟ್ಟಿ ವಾಪಸು ಚಾಚಿದ.

"ಇಟ್ಕೋ," ಎಂದು ಗುರುಬಸವ್ವ ಲಾರಿ ಹತ್ತಿದಳು.