ಆಂಟಿ ಓದದ ಕಾರ್ಡು

ಹೋದ ತಿಂಗಳು ನನ್ನ ತಲೆಯ ಮೇಲೆ ಒಂದು ಮೈಸೂರು ಪೇಟ ಇಟ್ಟರು. ರೆಡಿಮೇಡ್ ಪೇಟ, ಒಳಗೆ ರಟ್ಟು, ಹೊರಗೆ ಜರಿ. ಹಣೆಗೆ ತಾಗಿದ ಕೂಡಲೇ ವಾಸನೆ ಬಂತು. ಗೋಂದು, ಒಣಗಿದ ಗಂಧ, ಮತ್ತೆ ನನಗಿಂತ ಮುಂಚೆ ಅದನ್ನು ತೊಟ್ಟವರ ತಲೆಯೆಣ್ಣೆ. ಇಂಥ ಸಮಾರಂಭಗಳಲ್ಲಿ ಒಂದೇ ಪೇಟ ಎಲ್ಲರ ತಲೆಯನ್ನೂ ಸುತ್ತಿ ಬರುತ್ತದೆ. ಫೋಟೊ ಆದ ಮೇಲೆ ತೆಗೆದು ಮುಂದಿನವರಿಗೆ ಇಡುತ್ತಾರೆ. ಹಳೆಯ ಕಟ್ಟಡಗಳನ್ನು ಕೆಡವದೆ ಗಟ್ಟಿಮಾಡುವುದು ನನ್ನ ಕೆಲಸ. ಅದಕ್ಕೆ ಎಂಜಿನಿಯರುಗಳ ಸಂಘವೊಂದು ಜಯನಗರದ ಸಭಾಂಗಣದಲ್ಲಿ ಪ್ರಶಸ್ತಿ ಕೊಡುತ್ತಿತ್ತು. ನಾನು ಮಾತ್ರ ಯಾರದೋ ಎಣ್ಣೆಯ ವಾಸನೆಯೊಳಗೆ ನಿಂತು ಎದುರು ಮನೆ ಆಂಟಿಯ ದನಿ ಕೇಳಿಸಿಕೊಳ್ಳುತ್ತಿದ್ದೆ. "ಪೇಟ ಜೋಪಾನ ಪುಟ್ಟಿ, ಹಿಂದೆ ಇನ್ನೂ ಬೇಕಾದಷ್ಟು ತಲೆ ಕಾಯ್ತಿವೆ..."

ವಾಸನೆಯಿಂದ ನೆನಪು ಬಂತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ಈಗ ನಾನೇ ಹಾಗೆ ಬರೆದಿದ್ದೇನೆ. ಇರಲಿ. ಇನ್ನು ಮುಂದಿನದರಲ್ಲೂ ಎಷ್ಟು ಕಂಡದ್ದು, ಎಷ್ಟು ಆಮೇಲೆ ನಾನೇ ಸೇರಿಸಿ ಹೊಲಿದದ್ದು ಎನ್ನುವುದು ನನಗೆ ಪೂರ್ತಿ ಗೊತ್ತಿಲ್ಲ.

ಬನಶಂಕರಿ ಎರಡನೇ ಹಂತದ ನಮ್ಮ ಅಡ್ಡರಸ್ತೆಯಲ್ಲಿ ಅವರ ಮನೆ ನಮ್ಮ ಬಾಡಿಗೆ ಮನೆಗೆ ನೇರ ಎದುರಿಗಿತ್ತು. ಆಂಟಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಆ ದನಿಗೆ ಕೆಲಸವಿಲ್ಲದೆ ಹೋಯಿತು. ಹಾಗಾಗಿ ನಮ್ಮ ಕಡೆಯ ಸಭೆ ಸಮಾರಂಭಗಳ ನಿರೂಪಣೆಯೆಲ್ಲ ಅವರದೇ ಆಯಿತು. ರಾಜ್ಯೋತ್ಸವ, ಗಣೇಶನ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ. ಎಲ್ಲಕ್ಕಿಂತ ಹೆಚ್ಚಾಗಿ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ನಮ್ಮ ಸಮಾಜದ ಟ್ರಸ್ಟು ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನ ಕೊಡುತ್ತಿದ್ದ ಪ್ರತಿಭಾ ಪುರಸ್ಕಾರ. ಮೈಕಿನ ಮುಂದೆ ಅವರ ಕನ್ನಡ ರೇಷ್ಮೆ ಸೀರೆ ಉಟ್ಟಂತೆ ಇರುತ್ತಿತ್ತು. ಮೈಕಿನಿಂದ ಇಳಿದರೆ ನೈಟಿಯ ಮೇಲೆ ಟವೆಲ್ ಹೊದ್ದ ಕನ್ನಡ. ನನಗೆ ಎರಡನೆಯದೇ ಇಷ್ಟವಾಗಿತ್ತು.

ಸಮಾರಂಭಕ್ಕೆ ಮೊದಲು ಅವರು ತಮ್ಮ ವರಾಂಡದಲ್ಲಿ ನಿಂತು, ಸುರುಳಿ ಸುತ್ತಿದ ಪೇಪರನ್ನು ಮೈಕಿನಂತೆ ಹಿಡಿದು ಅಭ್ಯಾಸ ಮಾಡುತ್ತಿದ್ದರು. ಕೇಳುಗರು ಒಬ್ಬರೇ, ನನ್ನ ಅಪ್ಪ. ಅಪ್ಪ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದರು. ಅದು ಅವರ ಬಲಗೈ ಬೆರಳುಗಳನ್ನು ತೆಗೆದುಕೊಂಡಿತ್ತು; ಹೆಬ್ಬೆರಳು ಮಾತ್ರ ಉಳಿದಿತ್ತು. ಕೆಲಸ ಹೋಯಿತು. ಅಮ್ಮ ಬೊಟಿಕ್ ಒಂದರಲ್ಲಿ ಬ್ಲೌಸ್ ಹೊಲಿಯಲು ಹೋಗುತ್ತಿದ್ದಳು, ಅಪ್ಪ ಮನೆಯ ಅಡುಗೆ ವಹಿಸಿಕೊಂಡಿದ್ದರು. ಆ ಕೈಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಸಂಜೆ ಅಪ್ಪ ಎದುರು ಮನೆಯ ಮೆಟ್ಟಿಲ ಮೇಲೆ ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಕೂತು ಕೇಳುತ್ತಿದ್ದರು.

"ಹೇಗಿತ್ತು ಅಣ್ಣಾ?"

"ಬಸ್ ತಪ್ಪಿ ಹೋಗುತ್ತೇನೋ ಅನ್ನೋ ಥರ ಓಡ್ತೀರಲ್ಲ ಮೇಡಂ. ಸ್ವಲ್ಪ ಉಸಿರು ತಗೊಳಿ."

"ಉಸಿರು ತಗೊಳೋಕೆ ನಿಂತ್ರೆ ಅಧ್ಯಕ್ಷರು ಮೈಕ್ ಕಿತ್ಕೊಂಡು ಅವರೇ ಶುರು ಮಾಡ್ಕೋತಾರೆ ರೀ!"

ಕಾರ್ಖಾನೆ ಬಿಟ್ಟ ಮೇಲೆ ಅಪ್ಪ ನಗುತ್ತಿದ್ದದ್ದು ಆ ಮೆಟ್ಟಿಲ ಮೇಲೆ ಮಾತ್ರ. ಇದರಲ್ಲಿ ನನಗೆ ಅನುಮಾನವಿಲ್ಲ.

ನಾನು ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಮೂರನೇ ವರ್ಷಕ್ಕೆ ಫೀಸು ಕಟ್ಟುವ ದಾರಿ ಕಾಣದೆ ಕಾಲೇಜು ಬಿಡುವ ಮಾತು ಮನೆಯಲ್ಲಿ ನಡೆದಿತ್ತು. ಆಂಟಿಯೇ ಟ್ರಸ್ಟಿಗೆ ಅರ್ಜಿ ಹಾಕಿಸಿದರು. ಆಯ್ಕೆಯೂ ಆಯಿತು. ಆದರೆ ಟ್ರಸ್ಟಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ವಿದ್ಯಾರ್ಥಿಯನ್ನು ವೇದಿಕೆಗೆ ಕರೆಯುವ ಮುಂಚೆ ಆ ಮನೆಯ ಕಷ್ಟವನ್ನು ಮೈಕಿನಲ್ಲಿ ಓದಬೇಕು. ಮುಂದಿನ ಸಾಲಿನಲ್ಲಿ ಕೂತ ದಾನಿಗಳು ಕರಗಬೇಕು. ಕಾರ್ಡುಗಳನ್ನು ಅಧ್ಯಕ್ಷರೇ ಬರೆಸಿ ಕಳಿಸುತ್ತಿದ್ದರು. ಅವರು ಕೆಟ್ಟವರಲ್ಲ. ಹಿಂದೊಮ್ಮೆ ಅಂಥದೇ ವೇದಿಕೆಯಲ್ಲಿ ತಮ್ಮ ಮನೆಯ ಕಷ್ಟ ಓದಿಸಿಕೊಂಡು ಎಂಜಿನಿಯರ್ ಆದವರಂತೆ. ತಾವು ತಡೆದುಕೊಂಡದ್ದನ್ನು ಬೇರೆಯವರೂ ತಡೆದುಕೊಳ್ಳಬಹುದು ಎಂದುಕೊಂಡಿದ್ದರೋ ಏನೋ.

ಕಾರ್ಡುಗಳು ಬಂದ ದಿನ ಆಂಟಿ ಎಂದಿನಂತೆ ಅಭ್ಯಾಸಕ್ಕೆ ನಿಂತರು. ಅಪ್ಪ ಮೆಟ್ಟಿಲ ಮೇಲಿದ್ದರು, ನಾನು ಗೇಟಿನ ಹತ್ತಿರ. ಒಂದೊಂದಾಗಿ ಓದುತ್ತಾ ನನ್ನದಕ್ಕೆ ಬಂದರು. ಮೊದಲೇ ನೋಡಿಕೊಂಡಿರಲಿಲ್ಲ. "ಕರುಣೆಯಿಲ್ಲದ ಯಂತ್ರಕ್ಕೆ ಬೆರಳುಗಳನ್ನು ಬಲಿಕೊಟ್ಟು, ಮೂಲೆ ಹಿಡಿದ ತಂದೆಯ..." ಎನ್ನುವಷ್ಟರಲ್ಲಿ ದನಿ ನಿಂತಿತು.

"ಓದಿ ಮೇಡಂ, ಇರೋದೇ ತಾನೆ" ಎಂದರು ಅಪ್ಪ.

ಆಂಟಿ ಓದಲಿಲ್ಲ. ಅಪ್ಪ ಲೋಟದ ತಳದ ಕಾಫಿಯನ್ನು ಅಲ್ಲಾಡಿಸುತ್ತಾ ಕೂತರು. ಆಮೇಲೆ ಎದ್ದರು. "ಮೂಲೆ ಅಂತೂ ಹಿಡಿದಿಲ್ಲ. ಅಡುಗೆ ಮಾಡ್ತೀನಲ್ಲ" ಎಂದು ಹೇಳಿ ಮನೆಗೆ ಬಂದು ಹುರುಳಿಕಾಯಿ ಹೆಚ್ಚತೊಡಗಿದರು. ಎಡಗೈಯಲ್ಲಿ ಹೆಚ್ಚುವುದನ್ನು ಅವರು ಆಗಲೇ ಕಲಿತಿದ್ದರು.

ಅಪ್ಪನಿಗೆ ಗೊತ್ತಾಗದ ಹಾಗೆ ನಾನು ಮತ್ತೆ ಎದುರು ಮನೆಗೆ ಓಡಿದೆ. "ಆಂಟಿ, ಅದನ್ನ ಓದಬೇಡಿ. ಪ್ಲೀಸ್."

"ಒಂದಕ್ಷರ ಬದಲಾಯಿಸೋ ಹಾಗಿಲ್ಲ ಕಣೇ, ಅವರ ಕಾರ್ಡು. ಇದು ಬೇಡ ಅಂದ್ರೆ ನಿನ್ನ ಹೆಸರೇ ತೆಗೆದುಬಿಡ್ತಾರೆ. ಆಮೇಲೆ ಫೀಸು ಯಾರು ಕಟ್ತಾರೆ? ನಿನ್ನ ರೋಷ ಕಟ್ಟುತ್ತಾ?"

ನಾನು ಅತ್ತೆನೆಂದು ಕಾಣುತ್ತದೆ. ಅವರು ನನ್ನ ಕೈಗೆ ಒಂದು ಕೋಡುಬಳೆ ಕೊಟ್ಟರು. ಇಂಥ ಹೊತ್ತಿನಲ್ಲಿ ಕೋಡುಬಳೆ ಯಾಕೆ ನೆನಪಿರಬೇಕು... ಗೊತ್ತಿಲ್ಲ, ನೆನಪಿದೆ.

ಸಮಾರಂಭ ಒಂದು ಭಾನುವಾರ, ಕಲ್ಯಾಣ ಮಂಟಪವೊಂದರಲ್ಲಿ ನಡೆಯಿತು. ಮದುವೆಗಳ ಕಾಲವಾದ್ದರಿಂದ ಅಮ್ಮನಿಗೆ ಬೊಟಿಕ್‌ನಿಂದ ರಜೆ ಸಿಕ್ಕಿರಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನನ್ನ ಜೊತೆ ಬಂದರು. ನನ್ನನ್ನು ಮುಂದೆ ವಿದ್ಯಾರ್ಥಿಗಳ ಸಾಲಿನಲ್ಲಿ ಕೂರಿಸಿದರು. ಅಪ್ಪ ಹಿಂದೆ ಉಳಿದರು.

ಆಂಟಿ ಓದತೊಡಗಿದರು. ಮೊದಲನೆಯವನ ತಾಯಿ ಮನೆಮನೆಗಳಲ್ಲಿ ಪಾತ್ರೆ ತೊಳೆಯುವವರು. ಅವರನ್ನು ಎದ್ದು ನಿಲ್ಲಿಸಿದರು. ಚಪ್ಪಾಳೆ, ಕರವಸ್ತ್ರಗಳು. ಆ ತಾಯಿ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಗೋಡೆಗೆ ಕೈಮುಗಿದರು. ನಾನು ನೆಲ ನೋಡುತ್ತಾ ಕೂತಿದ್ದೆ. ಒಂದಾದ ಮೇಲೊಂದು ಕಾರ್ಡು ಆಂಟಿಯ ಬಾಯಲ್ಲಿ ನೀರಿಳಿದ ಹಾಗೆ ಇಳಿಯಿತು. ಅಷ್ಟರಲ್ಲಿ ನನ್ನ ಸರದಿ ಬಂತು. ಮೈಕು ಸುಮ್ಮನಾಯಿತು. ತಲೆಯೆತ್ತಿದರೆ ಆಂಟಿ ಕಾರ್ಡನ್ನು ದೂರ ಹಿಡಿಯುತ್ತಿದ್ದರು, ಹತ್ತಿರ ತರುತ್ತಿದ್ದರು.

"ಕ್ಷಮಿಸಬೇಕು, ಕನ್ನಡಕ ಮರೆತು ಬಂದಿದ್ದೀನಿ. ಇದು ಕಾಣ್ತಾ ಇಲ್ಲ. ಇರ್ಲಿ, ನನಗೆ ಗೊತ್ತಿರೋ ಹುಡುಗೀನೇ. ಸಿವಿಲ್ ಓದ್ತಾಳೆ, ಕ್ಲಾಸಿಗೇ ಮೊದಲು. ನಮ್ಮ ರಸ್ತೆಗೆ ಮೋರಿ ಕಟ್ಟೋವಾಗ ಇಳಿಜಾರು ಉಲ್ಟಾ ಇದೆ ಅಂತ ಕಂಟ್ರ್ಯಾಕ್ಟರ್ ಜೊತೆ ಜಗಳಕ್ಕೆ ನಿಂತಿದ್ಲು. ಅವನು ಕೇಳಲಿಲ್ಲ. ಈಗ ಮಳೆ ಬಂದ್ರೆ ನೀರೆಲ್ಲ ನಮ್ಮನೆ ಗೇಟಿಗೇ ಬರುತ್ತೆ. ಅದಕ್ಕೇ ಹೇಳ್ತಿದ್ದೀನಿ, ಇವಳು ಓದ್ಲೇಬೇಕು. ಬಾರೇ ಪುಟ್ಟಿ!"

ಸಭೆ ಗೊಳ್ಳೆಂದು ನಕ್ಕಿತು. ಯಾರೂ ಅಳಲಿಲ್ಲ. ನನ್ನ ತಲೆಯ ಮೇಲೆ ಪೇಟ ಬಂತು, ವಿದ್ಯಾರ್ಥಿವೇತನವೂ ಬಂತು. ವೇದಿಕೆಯಿಂದ ತಿರುಗಿ ನೋಡಿದೆ. ಮೂರನೆಯ ಸಾಲಿನಲ್ಲಿ ಕೂತ ಅಪ್ಪ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ವೇದಿಕೆಯ ಪಕ್ಕದಲ್ಲಿ ಅಧ್ಯಕ್ಷರು ಆಂಟಿಯನ್ನು ಹಿಡಿದು ನಿಲ್ಲಿಸಿದ್ದು ನನಗೆ ಕೇಳಿಸಿತು. "ಮುಂದಿನ ವರ್ಷ ಕನ್ನಡಕ ಇರೋ ನಿರೂಪಕೀನೇ ಕರೀತೀವಿ ಬಿಡಿ ಮೇಡಂ." ಹಾಗೆಯೇ ಮಾಡಿದರು. ಆಂಟಿಗೆ ಆ ಮೈಕು ಮತ್ತೆ ಸಿಗಲಿಲ್ಲ. ಮರುವರ್ಷ ಅದೇ ಭಾನುವಾರ ಅವರು ರೇಷ್ಮೆ ಸೀರೆ ಉಟ್ಟು ಒಬ್ಬರೇ ವರಾಂಡದಲ್ಲಿ ಕೂತಿದ್ದರು ಎಂದು ಬರೆದು ಈಗಷ್ಟೇ ಹೊಡೆದುಹಾಕಿದೆ. ಕೂತಿರಲಿಲ್ಲ. ಅವತ್ತು ಅವರು ಮಾರ್ಕೆಟ್ಟಿನಿಂದ ಒಂದು ಚೀಲ ಅವರೆಕಾಯಿ ತಂದಿದ್ದರು, ಬಿಡಿಸಲು ನನ್ನನ್ನು ಕರೆದಿದ್ದರು. ಆಗ ಕೇಳಿದೆ, ನಿಜವಾಗಲೂ ಕನ್ನಡಕ ಮರೆತಿದ್ರಾ ಎಂದು.

"ವಯಸ್ಸಾಯ್ತಲ್ಲೇ" ಎಂದರು. "ನಿಮ್ಮಪ್ಪ ಏನು, ದೊಡ್ಡ ಮನುಷ್ಯ ಆಗ್ಬಿಟ್ರಾ? ಈ ಕಡೆ ತಲೇನೇ ಹಾಕಲ್ಲ."

"ಡ್ಯೂಟಿ ಆಂಟಿ."

"ಸರಿ ಬಿಡು, ಡ್ಯೂಟಿ ಮುಖ್ಯ."

ಅಪ್ಪನಿಗೆ ಆಗ ಗಿರಿನಗರದ ಅಪಾರ್ಟ್‌ಮೆಂಟೊಂದರಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತ್ತು, ಸಂಜೆ ಪಾಳಿ. ಅವರು ಎದುರು ಮನೆಗೆ ಹೋಗುವುದನ್ನು ಬಿಟ್ಟದ್ದು ಅದಕ್ಕೇ ಎಂದು ನಾನು ತಿಳಿದಿದ್ದೆ. ರಜೆಯ ದಿನಗಳಲ್ಲೂ ಹೋಗುತ್ತಿರಲಿಲ್ಲ. ಆಂಟಿ ಕಂಡರೆ ಸೈಕಲ್ಲಿನ ಸೀಟು ಒರೆಸುತ್ತಾ ಬಗ್ಗುತ್ತಿದ್ದರು. ಅದೂ ಕಾಣುತ್ತಿತ್ತು, ಆದರೆ ಕಾರಣ ಆಗಲೇ ಸಿಕ್ಕಿದ್ದರಿಂದ ಇನ್ನೊಂದನ್ನು ಹುಡುಕಲಿಲ್ಲ.

ಆಮೇಲೆ ಆಂಟಿ ಮನೆ ಮಾರಿ ಅಂಜನಾಪುರಕ್ಕೆ ಮಗಳ ಮನೆಗೆ ಹೋದರು. ಅಲ್ಲೇ ತೀರಿಕೊಂಡರು. ಕೊನೆಯಲ್ಲಿ ಅವರಿಗೆ ಮಾತು ನಿಂತುಹೋಗಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮೊನ್ನೆ ಅವರ ಮಗಳಿಗೆ ಫೋನ್ ಮಾಡಿದಾಗ ಅವಳು ನಕ್ಕಳು. "ಅಮ್ಮನಿಗಾ? ಯಾರು ಹೇಳಿದ್ದು? ಕೊನೇ ದಿನಾನೂ ಸಾರಿಗೆ ಉಪ್ಪಿಲ್ಲ ಅಂತ ಆಸ್ಪತ್ರೆಯೋರ ಪ್ರಾಣ ತಿಂದಿದ್ರು." ಯಾರೂ ಹೇಳಿರಲಿಲ್ಲ. ನಾನೇ ಅವರ ಬಾಯಿ ಮುಚ್ಚಿಸಿದ್ದೆ. ಹಾಗಿದ್ದರೆ ಚೆನ್ನಾಗಿ ಒಪ್ಪುತ್ತದೆ ಅನ್ನಿಸಿರಬೇಕು.

ಹೋದ ತಿಂಗಳಿನ ಪ್ರಶಸ್ತಿಗೆ ಬರೋಣ. ಅದರ ಹಿಂದಿನ ವಾರ ನಿರೂಪಕ ಹುಡುಗ ಫೋನ್ ಮಾಡಿದ್ದ. "ಮೇಡಂ, ನಿಮ್ಮ ಸ್ಟ್ರಗಲ್ ಬಗ್ಗೆ ಎರಡು ಲೈನ್ ಕಳಿಸಿ, ಸಖತ್ತಾಗಿ ಬರುತ್ತೆ." ನಾನು ಕೆಲಸದ ವಿವರವನ್ನಷ್ಟೇ ಕಳಿಸಿದೆ. ಅವನು ನನ್ನ ಆಫೀಸಿನವರನ್ನು ಕೇಳಿಕೊಂಡು ಬಂದಿದ್ದ. ವೇದಿಕೆಗೆ ಕರೆಯುವಾಗ, "ಬೆರಳು ಹೋದರೂ ಮಗಳ ಕೈ ಬಿಡದ ತಂದೆ" ಎಂದು ಏರಿದ ದನಿಯಲ್ಲಿ ಹೇಳಿ ಅಪ್ಪನನ್ನು ಎಬ್ಬಿಸಿಯೇ ಬಿಟ್ಟ. ಅಪ್ಪ ಎದ್ದು, ಎರಡೂ ಕೈ ಸೇರಿಸಿ ನಮಸ್ಕಾರ ಮಾಡಿದರು. ಊಟದ ಸಾಲಿನಲ್ಲಿ ಒಬ್ಬರು ಅವರ ಬಲಗೈಯನ್ನೇ ಹಿಡಿದು ಸೆಲ್ಫಿ ತೆಗೆದುಕೊಂಡರು.

ಆಟೊದಲ್ಲಿ ಬರುವಾಗ ಕೇಳಿದೆ. "ಬೇಜಾರಾಯ್ತಾಪ್ಪ? ಆಗ ಆಂಟಿ ಓದದೇನೇ ಬಿಟ್ಟಿದ್ರು, ಇವನು ಹೇಳೇಬಿಟ್ಟ."

"ಈಗೇನು ಬೇಜಾರು, ಬಿಡು" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಯಾವ ಆಂಟಿ? ಓದದೇ ಬಿಟ್ಟಿದ್ರು ಅಂದ್ರೆ?"

"ಎದುರು ಮನೆ ಆಂಟಿ. ಸ್ಕಾಲರ್‌ಶಿಪ್ ಫಂಕ್ಷನ್ನಲ್ಲಿ. ನೀವು ಅಲ್ಲೇ ಇದ್ರಲ್ಲಪ್ಪ, ಮೂರನೇ ಸಾಲಲ್ಲಿ."

"ನಾನೆಲ್ಲಿದ್ದೆ? ಆ ಪಾತ್ರೆ ತೊಳೆಯೋ ತಾಯೀನ ಎಬ್ಬಿಸಿದ್ರಲ್ಲ, ಆಗಲೇ ಎದ್ದು ಹೊರಗೆ ಹೋದೆ. ಬಸ್ ಸ್ಟಾಪ್ ಹತ್ರ ಟೀ ಅಂಗಡಿ ಇತ್ತು. ಊಟಕ್ಕೆ ಕರೆಯೋ ಹೊತ್ತಿಗೆ ವಾಪಸ್ ಬಂದೆ."

ಇಷ್ಟು ವರ್ಷ ನಾನು ನೋಡುತ್ತಾ ಬಂದ ಟವೆಲಿನ ತುದಿ, ಒದ್ದೆ ಕಣ್ಣು... ಅಲ್ಲಿ ಇದ್ದದ್ದು ಒಂದು ಖಾಲಿ ಕುರ್ಚಿ. ವೇದಿಕೆಯ ಮೇಲೆ ನಿಂತವರಿಗೆ ತುಂಬಿದ ಸಭೆಯಲ್ಲಿ ಮೊದಲು ಕಾಣುವುದು ಖಾಲಿ ಕುರ್ಚಿಯೇ ಎಂದು ಅದೇ ದಿನ ಪ್ರಶಸ್ತಿಯ ವೇದಿಕೆಯಲ್ಲಿ ನನಗೂ ತಿಳಿದಿತ್ತು. ಅಪ್ಪ ಎದ್ದು ಹೋದದ್ದನ್ನು ಆಂಟಿ ನೋಡಿರಬೇಕು. ಇರಬೇಕು, ಅಷ್ಟೇ. ಖಂಡಿತವಾಗಿ ಹೇಳಬಲ್ಲವರು ಈಗ ಇಲ್ಲ.

ಮನೆ ಬಂತು. ಗೇಟಿನ ಮುಂದೆ ಇಳಿದು ನಿಂತೆವು. ಆಂಟಿಯ ಮನೆಯಿದ್ದ ಜಾಗದಲ್ಲಿ ಈಗ ಹುಡುಗಿಯರ ಪಿ.ಜಿ. ಕಟ್ಟಡವಿದೆ. ಕನ್ನಡಕದ ಮಾತು, ಮೋರಿಯ ಜಗಳ, ಸಭೆ ನಕ್ಕದ್ದು, ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಅವರ ಮೈಕು ಹೋದದ್ದು ಅದಕ್ಕೇ ಎಂದೂ ಹೇಳಿದೆ. ಅಪ್ಪ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು.

"ಓದ್ಲೇ ಇಲ್ವಾ?"

"ಇಲ್ಲಪ್ಪ."

"ಮೂಲೆ ಹಿಡಿದಿಲ್ಲ ಅಂತ ನಾನು ಹೇಳಿದ ಮೇಲೂ ಓದಿದ್ರಲ್ಲ ಅಂತ... ಓದ್ಲೇ ಇಲ್ವಾ?"

ಅಪ್ಪ ಎದುರಿನ ಕಟ್ಟಡವನ್ನೇ ನೋಡುತ್ತಾ ನಿಂತರು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಹುಡುಗಿ, ಮುದುಕ ತನ್ನನ್ನೇ ದಿಟ್ಟಿಸುತ್ತಿದ್ದಾನೆ ಎಂದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪನಿಗೆ ಅದು ಕಾಣಿಸಲೇ ಇಲ್ಲ.

"ಸಾವಿಗೂ ಹೋಗ್ಲಿಲ್ಲ ಕಣಮ್ಮ ನಾನು" ಎಂದರು.